ಹಿಂಬಾಗಿಲ ಬದಿಯ ಸಣ್ಣವ್ವ

ರಾಜೂರಿನ ನಮ್ಮ ಓಣಿಯಿಂದ ಹೊಲದ ಕೆಲಸಕ್ಕೆ ಹೋಗುವ ಪಿಕಪ್ ಗಾಡಿಯಲ್ಲಿ ಹಿಂಬಾಗಿಲ ಬದಿಯ ಬಲಮೂಲೆ ಸಣ್ಣವ್ವನದು. ಅದೇನೂ ಒಳ್ಳೆಯ ಜಾಗವಲ್ಲ. ರಸ್ತೆಯ ಧೂಳು ಮೊದಲು ಅಲ್ಲಿಗೇ ನುಗ್ಗುತ್ತದೆ. ಗಾಡಿ ತಗ್ಗಿಗೆ ಬಿದ್ದಾಗ ಅಲ್ಲಿ ಕೂತವರ ಸೊಂಟಕ್ಕೇ ಹೆಚ್ಚು ಏಟು. ಆದರೂ ಬೇರೆ ಯಾರೂ ಅಲ್ಲಿ ಕೂಡುವುದಿಲ್ಲ. ಸಣ್ಣವ್ವ ಮೊದಲು ಹತ್ತಬೇಕು, ಬುತ್ತಿಯ ಗಂಟನ್ನು ಕಾಲ ಬಳಿ ಇಟ್ಟುಕೊಂಡು ಕೂಡಬೇಕು. ಆಮೇಲೆ ಉಳಿದ ನಾವೆಲ್ಲ ಹತ್ತುತ್ತೇವೆ.

ಇದು ನಮ್ಮ ಓಣಿಯ ಹೆಂಗಸರು ತಾವೇ ಮಾಡಿಕೊಂಡ ಕಟ್ಟು. ಹಿಂದೊಮ್ಮೆ ಮೆಣಸಿನಕಾಯಿ ಬಿಡಿಸಲು ಹೋಗಿದ್ದ ಬೇರೊಂದು ಗಾಡಿ ಹಳ್ಳದಲ್ಲಿ ಮಗುಚಿತ್ತು. ಡ್ರೈವರ್ ಬಾಗಿಲು ತೆಗೆದು ಹಾರಿ ಉಳಿದುಕೊಂಡ. ಹಿಂದೆ ಕೂತವರಲ್ಲಿ ಕೆಲವರು ಮನೆಗೆ ಬರಲಿಲ್ಲ. ಅಂದಿನಿಂದ, ಡ್ರೈವರನ ಹೆಂಡತಿಯೋ ತಾಯಿಯೋ ಅಕ್ಕತಂಗಿಯೋ ಹಿಂದೆ ನಮ್ಮ ಜೊತೆ ಕೂತರೆ ಮಾತ್ರ ಗಾಡಿ ಹತ್ತುವುದು ಎಂದಾಯಿತು. ಮುಂದೆ ಡ್ರೈವರನ ಪಕ್ಕದಲ್ಲಿ ಕೂತರೆ ಅದು ಲೆಕ್ಕಕ್ಕಿಲ್ಲ.

"ತನ್ನಾಕಿ ಹಿಂದ ಕುಂತಿದ್ರ ಗಂಡಸಿನ ಕಾಲು ತಾನ ಬ್ರೇಕಿನ ಮ್ಯಾಲೆ ಹೋಗ್ತೈತಿ," ಎನ್ನುತ್ತಾಳೆ ನಮ್ಮ ಗುಂಪಿನ ಉಮಾ. ಅವಳಿಗೆ ಎಲ್ಲದಕ್ಕೂ ಒಂದು ಮಾತು ಇರುತ್ತದೆ.

ನಮ್ಮ ಗಾಡಿಯ ಡ್ರೈವರ್ ಪರಶಪ್ಪ. ಸಣ್ಣವ್ವ ಅವನ ಹೆಂಡತಿ. ಗಾಡಿ ಅವರದಲ್ಲ, ನರಗುಂದದ ಗುರುಪಾದ ಸಾಹುಕಾರರದು. ಅವರಿಗೆ ನರಗುಂದದ ಪೇಟೆಯಲ್ಲಿ ಕಾಳಿನ ಅಂಗಡಿ ಇದೆ, ಶಿರೋಳದಲ್ಲಿ ಕಾಲುವೆ ನೀರಿನ ಹೊಲ ಇದೆ. ಹತ್ತಿ ಬಿಡಿಸುವ ಕಾಲದಲ್ಲಿ ನಾವು ಬೆಳಗಾಗುವಾಗ ರಾಜೂರು ಬಿಟ್ಟು, ಗಜೇಂದ್ರಗಡ, ರೋಣ ದಾಟಿ ಶಿರೋಳ ಮುಟ್ಟುತ್ತೇವೆ. ಸಂಜೆ ಅದೇ ದಾರಿಯಲ್ಲಿ ವಾಪಸು.

ಸಣ್ಣವ್ವನಿಗೆ ಹೊಲದ ಕೆಲಸ ಹೊಸದೇನಲ್ಲ. ಆದರೆ ಅವಳ ಕೈ ಕುದುರುವುದು ಕೌದಿಯಲ್ಲಿ. ಹಳೆಯ ಸೀರೆ, ಧೋತರ, ಮಕ್ಕಳ ಅಂಗಿ ಏನು ತಂದುಕೊಟ್ಟರೂ ಅವನ್ನು ಕತ್ತರಿಸಿ, ಪದರ ಪದರವಾಗಿ ಹಾಸಿ, ಸಾಲು ತಪ್ಪದ ಹೊಲಿಗೆಯಲ್ಲಿ ಕೂಡಿಸುತ್ತಾಳೆ. ಗಜೇಂದ್ರಗಡದಿಂದಲೂ ಜನ ಗಂಟು ಕಟ್ಟಿಕೊಂಡು ಬಂದು ಕೊಟ್ಟು ಹೋಗುತ್ತಾರೆ. ಪರಶಪ್ಪ ಮೊದಲು ಅದೇ ಸಾಹುಕಾರರ ಅಂಗಡಿಯಲ್ಲಿ ಚೀಲ ಹೊರುತ್ತಿದ್ದ. ಡ್ರೈವರ್ ಕೆಲಸ ಸಿಕ್ಕ ದಿನ ಅವನು ಹೆಂಡತಿಗೆ ಹೇಳಿದ ಮಾತನ್ನು ಸಣ್ಣವ್ವ ಈಗಲೂ ನಗುತ್ತ ಹೇಳುತ್ತಾಳೆ: "ಇನ್ನ ನೀ ಹೊಲಕ್ಕ ಬರೂದು ಬ್ಯಾಡ. ಮನ್ಯಾಗ ಕುಂತು ಕೌದಿ ಹೊಲಿ."

ಆದರೆ ಆ ಡ್ರೈವರ್ ಕೆಲಸವೇ ಅವಳನ್ನು ಗಾಡಿಗೆ ಹಾಕಿತು. ಅವಳು ಹತ್ತದಿದ್ದರೆ ಓಣಿಯ ಹೆಂಗಸರು ಹತ್ತುವುದಿಲ್ಲ. ಹೆಂಗಸರಿಲ್ಲದ ಗಾಡಿಗೆ ಡ್ರೈವರ್ ಬೇಕಿಲ್ಲ. ಸೊಂಟ ಹಿಡಿದ ದಿನವೂ ಅವಳು ಬಂದಳು. ಜ್ವರ ಬಂದ ದಿನ ಬಂದು, ಶಿರೋಳದ ಬದುವಿನ ಮೇಲೆ ಕೌದಿ ಹೊದ್ದು ಸಂಜೆಯವರೆಗೆ ಮಲಗಿದ್ದಳು. ಹೋದ ವರ್ಷ ಮಗಳು ಯಶೋಧರಾ ಮೊದಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಬೆಳಗ್ಗೆ ಅವಳಿಗೆ ನೋವು ಕಾಣಿಸಿಕೊಂಡಾಗ ಗಾಡಿ ಓಣಿಯ ಹನುಮಪ್ಪನ ಗುಡಿಯ ಮುಂದೆ ನಿಂತಿತ್ತು, ನಾವೆಲ್ಲ ಬುತ್ತಿ ಹಿಡಿದು ನಿಂತಿದ್ದೆವು. ಸಣ್ಣವ್ವ ಮಗಳನ್ನು ನೆರೆಮನೆಯವರ ಕೈಗೆ ಒಪ್ಪಿಸಿ ಗಾಡಿ ಹತ್ತಿದಳು. ಗಜೇಂದ್ರಗಡದ ದವಾಖಾನೆಯಲ್ಲಿ ಮೊಮ್ಮಗ ಹುಟ್ಟಿದಾಗ ಅವಳ ಮಡಿಲಲ್ಲಿ ಹತ್ತಿ ಇತ್ತು. ನಾವು ಯಾರೂ ಆ ಬೆಳಿಗ್ಗೆ "ನೀ ಇರು ಯಕ್ಕಾ, ನಾವು ಹಂಗ ಹೋಗ್ತೀವಿ" ಅನ್ನಲಿಲ್ಲ. ಅದನ್ನೂ ಬರೆಯಬೇಕು ಅನಿಸಿತು, ಬರೆದಿದ್ದೇನೆ.

ಅವಳು ಗಾಡಿಯಲ್ಲಿಯೂ ಹೊಲಿಯುತ್ತಾಳೆ. ಡಾಂಬರು ಸಮ ಇರುವ ಕಡೆ ಸೂಜಿ ತೆಗೆಯುತ್ತಾಳೆ, ಕೆಟ್ಟಿರುವ ಕಡೆ ಚುಚ್ಚಿಟ್ಟು ಕೈ ಕಟ್ಟಿ ಕೂಡುತ್ತಾಳೆ. ಈ ಸಲದ ಹತ್ತಿಯ ಕಾಲದಲ್ಲಿ ಬ್ರೇಕು ಕೆಟ್ಟಿದ್ದು ಮೊದಲು ಅವಳಿಗೆ ಗೊತ್ತಾದದ್ದು ಹಾಗೆಯೇ. ಬ್ರೇಕು ತುಳಿದಾಗ ಮೈ ಮುಂದಕ್ಕೆ ವಾಲಬೇಕು. ಈಗ ಗಾಡಿ ಎಡಕ್ಕೆ ಎಳೆಯುತ್ತಿತ್ತು, ಹಿಂದೆ ಕೂತವರ ಮೈ ಬಲಕ್ಕೆ ಜಾರಿ ಸಣ್ಣವ್ವನ ಮೇಲೆ ಬೀಳುತ್ತಿತ್ತು. ಅವಳ ಹೊಲಿಗೆಯ ಸಾಲು ಅಲ್ಲಲ್ಲಿ ಸೊಟ್ಟಗಾಯಿತು. ಅವಳು ಅದನ್ನು ಬಿಚ್ಚಿ ಮತ್ತೆ ಹೊಲಿದಳು. ಮತ್ತೆ ಸೊಟ್ಟಗಾಯಿತು.

"ಗಾಡಿ ಎಡಕ್ಕ ಎಳೀತೈತಿ," ಎಂದಳು ಗಂಡನಿಗೆ.

"ನನಗೂ ಗೊತ್ತೈತಿ," ಎಂದ ಅವನು.

ಅಂದು ಸಂಜೆ ವಾಪಸು ಬರುವಾಗ ರೋಣದಲ್ಲಿ ಖಾದರನ ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸಿದ. ಗ್ಯಾರೇಜು ಅಂದರೆ ರಸ್ತೆಯ ಬದಿಯ ಒಂದು ತಗಡಿನ ಶೆಡ್ಡು, ಮುಂದೆ ಬೇವಿನ ಮರ. ನಾವು ಇಳಿದು ಮರದ ಕೆಳಗೆ ಕೂತೆವು. ಖಾದರ ಜಾಕು ಕೊಟ್ಟು ಡ್ರೈವರ್ ಬದಿಯ ಮುಂದಿನ ಗಾಲಿ ಬಿಚ್ಚಿದ. ಒಳಗೆ ಗಾಲಿಯ ಜೊತೆ ತಿರುಗುವ ಉಕ್ಕಿನ ಡಿಸ್ಕು, ಅದನ್ನು ಎರಡೂ ಕಡೆಯಿಂದ ಹಿಡಿದುಕೊಳ್ಳುವ ಕ್ಯಾಲಿಪರ್ ಕಂಡವು. ಅವನು ಕ್ಯಾಲಿಪರ್ ಎತ್ತಿ, ಒಳಗಿನ ಎರಡು ಪ್ಯಾಡುಗಳನ್ನು ತೆಗೆದು ಅಂಗೈ ಮೇಲೆ ಇಟ್ಟುಕೊಂಡು ಬಂದ. ಒಂದು ಸವೆದು ಕಬ್ಬಿಣ ಕಾಣುತ್ತಿತ್ತು. ಇನ್ನೊಂದು ದಪ್ಪಗೆ ಹಾಗೆಯೇ ಇತ್ತು.

"ನೋಡು ಪರಶಣ್ಣ, ಎರಡೂ ಒಂದ ದಿನ ಹಾಕಿದ್ದು. ಒಂದು ದುಡುದು ದುಡುದು ಸವದೈತಿ. ಇನ್ನೊಂದು ಮನಿಗೆ ಬಂದ ಅಳಿಯನಂಗ ಸುಮ್ನ ಕುಂತೈತಿ."

"ನಮ್ಮನ್ಯಾಗೂ ಹಿಂಗ ಐತಿ ಖಾದರಣ್ಣ. ಅದಕ್ಕೇನರ ಔಷಧ ಐತೇನು?" ಎಂದಳು ಉಮಾ. ನಾವೆಲ್ಲ ನಕ್ಕೆವು. ಸಣ್ಣವ್ವ ನಗಲಿಲ್ಲ. ಪ್ಯಾಡುಗಳನ್ನು ಕೈಯಲ್ಲಿ ತೆಗೆದುಕೊಂಡು ನೋಡಿದಳು.

"ಯಾಕ ಹಿಂಗ ಆತು?" ಎಂದು ಕೇಳಿದಳು.

"ಕ್ಯಾಲಿಪರ್ ಈ ಎರಡು ಪಿನ್ನಿನ ಮ್ಯಾಲೆ ಹಿಂದ ಮುಂದ ಜಾರಬೇಕು ಯಕ್ಕಾ. ಜಾರಿದ್ರ ಎರಡೂ ಪ್ಯಾಡು ಡಿಸ್ಕಿಗೆ ಒತ್ತತಾವ. ಪಿನ್ನು ತುಕ್ಕು ಹಿಡದು ಕುಂತಾವ. ಪ್ಯಾಡು ಕೂಡೂ ಈ ತೆಳ್ಳನ ಕ್ಲಿಪ್ಪೂ ತುಕ್ಕು ತಿಂದಾವ. ಅದಕ್ಕ ಒಂದ ಪ್ಯಾಡು ಒಬ್ಬಂಟಿ ದುಡಿಯಾಕತ್ತೈತಿ. ಆ ಕಡಿ ಗಾಲಿ ಸರಿ ಹಿಡೀತೈತಿ, ಈ ಕಡೀದು ಹಿಡಿಯೂದಿಲ್ಲ. ಗಾಡಿ ಎಡಕ್ಕ ಹೋಗ್ತೈತಿ." ಅವನು ಪರಶಪ್ಪನ ಕಡೆ ತಿರುಗಿದ. "ಪಿನ್ನು, ಅದರ ರಬ್ಬರ್ ಟೋಪಿ, ಕ್ಲಿಪ್ಪು ಎಲ್ಲಾ ಕೂಡಿ ಒಂದು ಸೆಟ್ ಬರ್ತೈತಿ. ಎರಡೂ ಗಾಲಿಗೆ ಹೊಸಾದು ಹಾಕಬೇಕು. ಹುಬ್ಬಳ್ಳಿಯಿಂದ ತರಿಸ್ತೀನಿ. ಒಂದು ದಿನ ಗಾಡಿ ಬಿಡು."

ಪರಶಪ್ಪ ಸಾಹುಕಾರರಿಗೆ ಫೋನು ಹಚ್ಚಿದ. ನಮಗೆಲ್ಲ ಕೇಳುವಷ್ಟು ಜೋರಾಗಿ ಫೋನಿನಿಂದ ಗುರುಪಾದರ ದನಿ ಬಂತು.

"ಒಂದು ದಿನಾನ? ಹತ್ತಿ ಒಡದು ನೆಲಕ್ಕ ಬೀಳಾಕತ್ತೈತಿ. ಮ್ಯಾಲೆ ಮೋಡ ನೋಡೀಯಿಲ್ಲೋ? ಪ್ಯಾಡ್ ಸವದಾವಂದ್ರ ಪ್ಯಾಡ್ ಹಾಕಿಸು. ಉಳಿದದ್ದು ಹತ್ತಿ ಮುಗದ ಮ್ಯಾಲೆ."

ಖಾದರ ಹಳೆಯ ಪಿನ್ನುಗಳನ್ನು ಬಡಿದು ಬಿಡಿಸಿ, ತಂತಿ ಬ್ರಷ್ಷಿನಿಂದ ತಿಕ್ಕಿ, ಹೊಸ ಪ್ಯಾಡು ಹಾಕಿ ಗಾಲಿ ಏರಿಸಿದ. ಕೈ ಒರೆಸಿಕೊಳ್ಳುತ್ತ, "ಪ್ಯಾಡ್ ಹಾಕೇನಿ ಪರಶಣ್ಣ. ಬ್ರೇಕು ಮಾಡಿಲ್ಲ. ಎರಡೂ ಬ್ಯಾರೆ ಬ್ಯಾರೆ," ಎಂದ.

ಕೆಲವು ದಿನ ಗಾಡಿ ಸುಮಾರಾಗಿ ನಡೆಯಿತು. ಆಮೇಲೆ ಮತ್ತೆ ಎಳೆಯತೊಡಗಿತು, ಬ್ರೇಕು ತುಳಿದಾಗ ಕಿರ್ ಎನ್ನತೊಡಗಿತು. ಒಂದು ಮಧ್ಯಾಹ್ನ ಶಿರೋಳದ ಹೊಲದಲ್ಲಿ ನಾವು ಬುತ್ತಿ ಬಿಚ್ಚುವಾಗ ಪರಶಪ್ಪ ಗಾಲಿ ಬಿಚ್ಚಿ ಕೂತಿದ್ದ. ಪಕ್ಕದಲ್ಲಿ ಸಾಹುಕಾರರ ಟ್ರ್ಯಾಕ್ಟರಿನ ಗ್ರೀಸ್ ಡಬ್ಬಿ. ಸಣ್ಣವ್ವ ಅವನ ಮುಂದೆ ಕೂತು, ಬಿಚ್ಚಿದ ನಟ್ಟುಗಳನ್ನು ಸೆರಗಿನಲ್ಲಿ ಹಿಡಿದುಕೊಂಡಿದ್ದಳು.

"ಖಾದರ ಏನಂದ? ಜಾರಬೇಕು ಅಂದ. ಜಾರಾಕ ಗ್ರೀಸು ಬೇಕಲ್ಲ," ಎನ್ನುತ್ತ ಅವನು ಬೆರಳಿನಿಂದ ಗ್ರೀಸು ತೆಗೆದು ಪಿನ್ನಿಗೂ ರಬ್ಬರ್ ಟೋಪಿಯ ಒಳಗೂ ತುಂಬಿದ. "ನಮ್ಮಪ್ಪ ಬಂಡಿ ಅಚ್ಚಿಗೆ ಕೀಲೆಣ್ಣಿ ಹಾಕದ ಮನಿ ಬಿಡತಿದ್ದಿಲ್ಲ. ಕಬ್ಬಿಣ ಒದರಿತು ಅಂದ್ರ ಎಣ್ಣಿ ಕೇಳಾಕತ್ತೈತಿ ಅಂತ ತಿಳಿ."

"ಖಾದರನ್ನ ಒಂದು ಮಾತು ಕೇಳ್ರಿ."

"ಇದಕ್ಕೂ ಕೇಳೂದೇನು?"

ಅವರದು ಬಂಡಿ ಹೂಡುತ್ತಿದ್ದ ಮನೆತನ. ತಿರುಗುವುದಕ್ಕೆ, ಜಾರುವುದಕ್ಕೆ ಎಣ್ಣೆ ಹಾಕದೆ ಬಿಟ್ಟರೆ ಬೈಸಿಕೊಂಡು ಬೆಳೆದವನು ಪರಶಪ್ಪ. ಅವನು ಮಾಡಿದ್ದು ಅವನಿಗೆ ತಪ್ಪೆಂದು ಕಾಣಲು ಸಾಧ್ಯವೇ ಇರಲಿಲ್ಲ. ಮೊದಲು ಅದು ಸರಿಯೆಂದೇ ಕಂಡಿತು. ಎರಡು ಮೂರು ದಿನ ಗಾಡಿ ನೆಟ್ಟಗೆ ನಿಂತಿತು, ಸದ್ದೂ ಹೋಯಿತು. ಪರಶಪ್ಪ ಸೀಟಿ ಹಾಕುತ್ತ ಗಾಡಿ ನಡೆಸಿದ.

ಆಮೇಲೆ ಒಂದು ಬೆಳಿಗ್ಗೆ.

ನಮ್ಮೂರಿನಿಂದ ಗಜೇಂದ್ರಗಡಕ್ಕೆ ಹೋಗುವಾಗ ಒಂದು ಇಳಿಜಾರು ಇದೆ. ಅಲ್ಲಿ ರಸ್ತೆಯ ಎಡಕ್ಕೆ ತಡೆಗೋಡೆ ಇಲ್ಲ. ಕೆಳಗೆ ಕಲ್ಲು, ಜಾಲಿ. ಇಳಿಜಾರಿನ ತಿರುವಿನಲ್ಲಿ ಕುರಿ ಹಿಂಡು ಎದುರು ಬಂತು. ಪರಶಪ್ಪ ಬ್ರೇಕು ತುಳಿದ. ಗಾಡಿ ಮೂತಿ ಎಡಕ್ಕೆ ತಿರುಗಿಸಿಕೊಂಡು ಹೋಯಿತು. ನಾವೆಲ್ಲ ಒಬ್ಬರ ಮೇಲೊಬ್ಬರು ಬಿದ್ದೆವು. ಎಡಗಾಲಿ ಡಾಂಬರು ಬಿಟ್ಟು ಗರಸಿಗೆ ಇಳಿದ ಸದ್ದು ಕೇಳಿತು. ಕಲ್ಲುಗಳು ಕೆಳಗೆ ಉರುಳಿದವು. ಗಾಡಿ ನಿಂತಿತು. ಮುಂದಿನ ಬಲಗಾಲಿಯಿಂದ ಸುಟ್ಟ ವಾಸನೆ ಬರುತ್ತಿತ್ತು.

ಕುರಿಯವನು ಬಾಯಿಗೆ ಬಂದಂತೆ ಬೈದು ಹೋದ. ಒಬ್ಬಿಬ್ಬರು ಅಳುತ್ತಿದ್ದರು. ಆಗ ಉಮಾ, "ಸುಮ್ನಿರ್ರೇ. ಸಣ್ಣಕ್ಕ ಇಲ್ಲೇ ಕುಂತಾಳಲ್ಲ. ಗಾಡ್ಯಾಗ ಅಂಥಾ ಅಪಾಯ ಏನರ ಇದ್ದಿದ್ರ ಆಕಿ ಹತ್ತತಿದ್ದಳೇನು?" ಎಂದಳು.

ಅಳು ನಿಂತಿತು. ನಾನು ಸಣ್ಣವ್ವನ ಮುಖ ನೋಡಿದೆ. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿ, ಕೌದಿಯನ್ನು ಮಡಚಿ, ಅದರ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಳು. ಶಿರೋಳದವರೆಗೂ ಹಾಗೆಯೇ ಕೂತಿದ್ದಳು.

ವಾಪಸು ಬರುವಾಗ ಮತ್ತೆ ಖಾದರನ ಬೇವಿನ ಮರದ ಕೆಳಗೆ ನಿಂತೆವು. ಈ ಸಲ ಅವನಿಗೆ ಒಂದು ಪಿನ್ನು ಹೊರಗೆ ಬರಲೇ ಇಲ್ಲ. ಪಾನಾ ಹಾಕಿ, ಸುತ್ತಿಗೆಯಿಂದ ಬಡಿದು ಎಳೆದ. ರಬ್ಬರ್ ಟೋಪಿ ಬೆರಳಿನಷ್ಟು ದಪ್ಪಗಾಗಿ ಮೆತ್ತಗಾಗಿತ್ತು. ಅವನು ಅದನ್ನು ಮೂಸಿ ನೋಡಿದ.

"ಟ್ರ್ಯಾಕ್ಟರ್ ಗ್ರೀಸು. ಯಾರು ಹಾಕಿದ್ರು?"

"ಗೊತ್ತಿಲ್ಲ," ಎಂದ ಪರಶಪ್ಪ.

ಖಾದರ ಅವನನ್ನು ನೋಡಿದ. ಆಮೇಲೆ ಸಣ್ಣವ್ವನನ್ನು ನೋಡಿದ. ಅವಳು ನೆಲ ನೋಡಿದಳು.

"ಯಾರರ ಹಾಕಲಿ. ಈ ರಬ್ಬರಿಗೆ ಆ ಗ್ರೀಸು ಆಗಿಬರೂದಿಲ್ಲ. ನೆನೆ ಹಾಕಿದ ಕಡ್ಲಿಯಂಗ ಉಬ್ಬಿ ಪಿನ್ನು ಗಟ್ಟಿ ಹಿಡಕೊಂಡೈತಿ. ಇದಕ್ಕ ಬ್ಯಾರೆ ಗ್ರೀಸು ಬರ್ತೈತಿ." ಅವನು ಶೆಡ್ಡಿನೊಳಗೆ ಹೋಗಿ ಒಂದು ಸಣ್ಣ ಪೊಟ್ಟಣ ತಂದು ತೋರಿಸಿದ. "ಸೆಟ್ ನಾ ಅವತ್ತ ತರಿಸಿಟ್ಟೀನಿ. ಗಾಡಿ ಬಿಟ್ಟು ಹೋಗ್ರಿ. ನಾಳೆ ಮಧ್ಯಾಹ್ನಕ್ಕ ಒಯ್ಯಿರಿ."

ಪರಶಪ್ಪ ಮತ್ತೆ ಫೋನು ಹಚ್ಚಿದ. ಸಾಹುಕಾರರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೇನೋ.

"ಮೊನ್ನೆ ಹೊಸಾ ಪ್ಯಾಡ್ ಹಾಕ್ಸೇನಿ. ಇಷ್ಟ ಲಗೂ ಹ್ಯಾಂಗ ಕೆಡತೈತಿ ಪರಶ್ಯಾ? ನೀ ಏನರ ಕೈ ಹಚ್ಚಿದಿ?"

"ಇಲ್ರಿ."

"ಮತ್ತ? ನಾಳೆ ಹತ್ತಿ ವ್ಯಾಪಾರಿ ಬರಾಂವದಾನ. ಗಾಡಿ ನಿಲ್ಲಂಗಿಲ್ಲ. ನಿನಗ ಅಂಜಿಕಿ ಬಂದಿದ್ರ ಕೀಲಿ ಇಟ್ಟು ಹೋಗು. ಗಜೇಂದ್ರಗಡದ ದ್ಯಾಮೇಶ ದಿನಾ ಕೇಳಾಕತ್ತಾನ, ಡ್ರೈವರಕಿ ಕೊಡ್ರಿ ಅಂತ."

ಖಾದರ ತುಕ್ಕು ತಿಕ್ಕಿ, ಉಬ್ಬಿದ ರಬ್ಬರನ್ನು ಬ್ಲೇಡಿನಿಂದ ಕೆತ್ತಿ, ಹೇಗೋ ಮತ್ತೆ ಕೂಡಿಸಿ ಕೊಟ್ಟ. "ಹಗುರ ಹೋಗ್ರಿ," ಎಂದ.

ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಅಂದು ಸಂಜೆ ರೊಟ್ಟಿ ಬಡಿಯುವ ಸದ್ದಿನ ನಡುವೆ ಅವರ ಮಾತು ಕೇಳಿತು.

"ನೀವ ಗ್ರೀಸು ಹಾಕಿದ್ದು ಅಂತ ಹೇಳ್ರಿ ಸಾವ್ಕಾರ್ರಿಗೆ. ಅಂದ್ರ ಖರೇ ಕೆಟ್ಟೈತಿ ಅಂತ ನಂಬತಾರ."

"ಹೇಳಿದ್ರ ನಾಳೆ ಕೀಲಿ ದ್ಯಾಮೇಶನ ಕೈಯಾಗ."

"ಹೋಗ್ಲಿ."

"ಹೋದ್ರ? ಈ ವಯಸ್ಸಿನ್ಯಾಗ ಮತ್ತ ಚೀಲ ಹೊರ್ಲೇನು? ದ್ಯಾಮೇಶ ಇದ ಗಾಡಿ ಹೊಡಿತಾನ, ಅವನವ್ವ ಬಂದು ನಿನ್ನ ಜಾಗಾದಾಗ ಕುಂದರ್ತಾಳ. ಇದ ಹೆಂಗಸ್ರು ಇದ ಗಾಡ್ಯಾಗ ಹೋಗ್ತಾರ. ಗಾಡಿ ಯಾವಾಗ ಎಳೀತೈತಿ ಅಂತ ನನಗರ ಗೊತ್ತೈತಿ, ಅವಗೇನು ಗೊತ್ತು? ನಾ ಇರೂದ ಚಲೋ ಅಲ್ಲೇನು?"

ರೊಟ್ಟಿಯ ಸದ್ದು ನಿಂತಿತು. ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಯಾವ ಕಡೆ ಹೋದರೂ ಮುಂದೆ ಗೋಡೆ ಇತ್ತು.

"ದ್ಯಾಮೇಶನ ಅವ್ವಗ ಏನೂ ಗೊತ್ತಿರೂದಿಲ್ಲ," ಎಂದಳು ಸಣ್ಣವ್ವ ಕೊನೆಗೆ. "ಗೊತ್ತಿಲ್ದಾಕಿ ಕುಂತ್ರ ಅದು ಸುಳ್ಳಲ್ಲ. ನನಗ ಗೊತ್ತೈತಿ. ನಾ ದಿನಾ ಅಲ್ಲಿ ಕುಂತು, ಬಾಯಿ ಬಿಡದ ಸುಳ್ಳು ಹೇಳಾಕತ್ತೀನಿ."

"ಏನ ಮಾಡಂತಿ?"

ಅದಕ್ಕೆ ಅವಳು ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ರೊಟ್ಟಿಯ ಸದ್ದು ಮತ್ತೆ ಶುರುವಾಯಿತು.

ಮರುದಿನ ಬೆಳಿಗ್ಗೆ ಗಾಡಿ ಹನುಮಪ್ಪನ ಗುಡಿಯ ಮುಂದೆ ನಿಂತಿತ್ತು. ಪರಶಪ್ಪ ಒಳಗೆ ಕೂತು ಎಂಜಿನ್ ಚಾಲೂ ಮಾಡಿದ್ದ. ನಾವು ಬುತ್ತಿ ಹಿಡಿದು ಹಿಂಬಾಗಿಲ ಹತ್ತಿರ ನಿಂತಿದ್ದೆವು. ಸಣ್ಣವ್ವ ಬಂದಳು. ಕಂಕುಳಲ್ಲಿ ಕೌದಿ ಇತ್ತು, ಬುತ್ತಿ ಇರಲಿಲ್ಲ. ಗಾಡಿಯ ಕಡೆ ಬರದೆ ಗುಡಿಯ ಕಟ್ಟೆಯ ಮೇಲೆ ಕೂತು ಕೌದಿ ಬಿಡಿಸಿದಳು.

"ಬಾರ ಯಕ್ಕಾ, ಹೊತ್ತಾತು," ಎಂದಳು ಉಮಾ.

"ನಾ ಇವತ್ತ ಬರೂದಿಲ್ಲ. ನೀವು ಹೋಗ್ರಿ."

"ಯಾಕ? ಮೈಯಾಗ ಆರಾಮಿಲ್ಲೇನು?"

"ಆರಾಮ ಅದೀನಿ," ಎಂದಳು ಸಣ್ಣವ್ವ.

ಅವಳು ನಮಗೆ ಹೇಳಿದ್ದು ಇಷ್ಟೇ. ಜ್ವರ ಎಂದಿದ್ದರೆ, ಸೊಂಟ ನೋವು ಎಂದಿದ್ದರೆ ನಾವು ಅವಳನ್ನು ಎತ್ತಿಯಾದರೂ ಗಾಡಿಗೆ ಹಾಕುತ್ತಿದ್ದೆವು. ಅಂಥ ದಿನಗಳಲ್ಲಿ ಅವಳು ಬಂದಿದ್ದಳು. ಮಗಳು ಹೆರುವ ದಿನವೂ ಬಂದಿದ್ದಳು. ಆರಾಮ ಇದ್ದೂ ಬರುವುದಿಲ್ಲ ಎಂದರೆ ಏನರ್ಥವೆಂದು ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ಉಮಾ ಹತ್ತಲು ಒಂದು ಕಾಲು ಮೇಲಿಟ್ಟಿದ್ದಳು. ಅದನ್ನು ಕೆಳಗಿಳಿಸಿದಳು. ತನ್ನ ಬುತ್ತಿ ತೆಗೆದುಕೊಂಡು ಹೋಗಿ ಕಟ್ಟೆಯ ಮೇಲೆ ಸಣ್ಣವ್ವನ ಪಕ್ಕ ಕೂತಳು. ಆಮೇಲೆ ಒಬ್ಬೊಬ್ಬರೇ ಹೋಗಿ ಕೂತೆವು. ಜಾಗ ಸಾಲದೆ ಕೆಲವರು ನೆಲಕ್ಕೆ ಕೂತರು.

ಪರಶಪ್ಪ ಎಂಜಿನ್ ಆರಿಸಿ ಇಳಿದು ಬಂದ. ಹೆಂಡತಿಯ ಹತ್ತಿರ ಬಗ್ಗಿ, ಹಲ್ಲು ಕಚ್ಚಿ, "ಎಲ್ಲಾರ ಮುಂದ ನನ್ನ ಮರ್ಯಾದಿ ಕಳಿಯಾಕ ಕುಂತಿಯೇನು?" ಎಂದ.

"ನಾ ಮಾತಾಡಿದ್ರ ಹೋಗ್ತಿತ್ತು. ಮಾತಾಡಿಲ್ಲ," ಎಂದಳು ಅವಳು. ಸೂಜಿ ನಿಲ್ಲಿಸಲಿಲ್ಲ.

ಬಿಸಿಲು ಏರಿತು. ಫೋನು ಮೇಲಿಂದ ಮೇಲೆ ಬಡಿದುಕೊಂಡಿತು. ಕೊನೆಗೆ ಗುರುಪಾದ ಸಾಹುಕಾರರೇ ಕಾರಿನಲ್ಲಿ ಬಂದರು. ಇಳಿದವರೇ ಕಟ್ಟೆಯ ಮೇಲಿನ ಸಾಲನ್ನು ನೋಡಿದರು.

"ಏನಿದು, ಸಾಲಿ ಬಿಟ್ಟಂಗ ಎಲ್ಲಾರೂ ಕುಂತೀರಿ? ಅಲ್ಲಿ ಹತ್ತಿ ಯಾರು ಬಿಡಿಸಬೇಕು?"

"ಸಣ್ಣಕ್ಕ ಬರೂದಿಲ್ಲಂತ್ರಿ," ಎಂದಳು ಉಮಾ. "ಆಕಿ ಹತ್ತಿದ್ರ ನಾವು ಹತ್ತತೀವಿ."

ಗುರುಪಾದರು ಪರಶಪ್ಪನನ್ನು ನೋಡಿದರು. ನಮ್ಮ ಓಣಿಯ ಕಟ್ಟು ಅವರಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ತಮ್ಮ ಗಾಡಿಗೆ ಹೆಂಗಸರು ಯಾಕೆ ಹತ್ತುತ್ತಿದ್ದರು ಎಂಬುದು ಅವರಿಗೆ ಅಂದೇ ತಿಳಿದದ್ದು.

"ಏ ಸಣ್ಣವ್ವ, ಏನಾಗೈತಿ ನಿನಗ?"

"ಏನೂ ಆಗಿಲ್ರಿ."

"ಮತ್ತ ಹತ್ತು."

ಸಣ್ಣವ್ವ ಸೂಜಿಯನ್ನು ಬಟ್ಟೆಗೆ ಚುಚ್ಚಿ ಎದ್ದು ನಿಂತಳು. ಅವಳ ದನಿ ಏರಿರಲಿಲ್ಲ. "ನೀವೂ ಹತ್ತ್ರಿ ಸಾವ್ಕಾರ್ರ. ಮುಂದಲ್ರಿ, ಹಿಂದ. ನಿಮ್ಮ ಮಗ್ಗಲದಾಗ ನಾ ಕುಂದರ್ತೀನಿ. ಶಿರೋಳದ ತನಕ ಬ್ಯಾಡ್ರಿ, ಇಳಿಜಾರು ದಾಟಿ ಗಜೇಂದ್ರಗಡ ಮುಟ್ಟಿದ್ರ ಸಾಕು."

"ಹತ್ತ್ರಿ, ಧೂಳ ನಾ ಒರಸ್ತೀನಿ," ಎಂದು ಉಮಾ ಎದ್ದು ಹೋಗಿ ಹಿಂಬಾಗಿಲ ಬದಿಯ ಬಲಮೂಲೆಯನ್ನು ಸೆರಗಿನಿಂದ ಒರೆಸಿದಳು. ಯಾರೋ ಕಿಸಕ್ಕೆ ನಕ್ಕರು.

ಗುರುಪಾದರಿಗೆ ಸಿಟ್ಟು ಬಂದಿತ್ತು. "ಅದಕ್ಕೇನು, ಹತ್ತತೀನಿ," ಎಂದು ಗಾಡಿಯ ಹಿಂದೆ ಹೋಗಿ ಬಾಗಿಲ ಸರಪಳಿ ಹಿಡಿದು ಒಂದು ಕಾಲು ಮೇಲಿಟ್ಟರು. ಹಾಗೆಯೇ ತಿರುಗಿ, "ನಡಿ ಪರಶ್ಯಾ. ಹೊಡಿ ಗಾಡಿ," ಎಂದರು.

ಪರಶಪ್ಪ ಕದಲಲಿಲ್ಲ. ಅವನ ಕೈಯಲ್ಲಿ ಕೀಲಿ ಇತ್ತು.

"ಬ್ಯಾಡ್ರಿ," ಎಂದ.

"ಏನಂದಿ?"

"ನೀವು ಹತ್ತಬ್ಯಾಡ್ರಿ ಸಾವ್ಕಾರ್ರ. ಗಾಡಿ ನಿಂದ್ರೂದಿಲ್ರಿ. ಪಿನ್ನಿಗೆ ಟ್ರ್ಯಾಕ್ಟರ್ ಗ್ರೀಸು ನಾನ ಹಾಕೀನ್ರಿ. ಅದು ಉಬ್ಬಿ ಹಿಡಕೊಂಡೈತ್ರಿ. ನಿನ್ನೆ ತಿರುವಿನ್ಯಾಗ ಸ್ವಲ್ಪದಾಗ ಉಳದೀವ್ರಿ."

ಸಾಹುಕಾರರು ಕಾಲು ಕೆಳಗಿಳಿಸಿದರು.

ಪರಶಪ್ಪ ನಿಜ ಹೇಳಿಬಿಟ್ಟಿದ್ದ, ಅದು ದೊಡ್ಡದೇ. ಆದರೆ ನಮ್ಮೆಲ್ಲರ ಕಿವಿಯಲ್ಲಿ ನಿಂತದ್ದು ಬೇರೆ ಮಾತು. ಸಾಹುಕಾರರು ಒಂದು ಕಾಲು ಇಟ್ಟ ಕೂಡಲೇ ಅವನ ಬಾಯಿಂದ 'ಬ್ಯಾಡ್ರಿ' ಬಂದಿತ್ತು. ನಮಗೆ ಅವನು ಒಂದು ದಿನವೂ ಆ ಮಾತು ಹೇಳಿರಲಿಲ್ಲ. ಸಣ್ಣವ್ವನಿಗೂ ಹೇಳಿರಲಿಲ್ಲ. ಅವಳು ಗಂಡನನ್ನು ಒಂದು ಸಲ ನೋಡಿ ಕೂತುಬಿಟ್ಟಳು. ಕೌದಿಯನ್ನು ಮಡಿಲಿಗೆ ಎಳೆದುಕೊಂಡಳು, ಸೂಜಿ ಹುಡುಕಿದಳು. ಸೂಜಿ ಕಣ್ಣ ಮುಂದೆಯೇ ಇತ್ತು, ಅವಳಿಗೆ ಕಾಣಲಿಲ್ಲ. ಉಮಾ ತೆಗೆದು ಕೈಗೆ ಕೊಟ್ಟಳು.

ಸಾಹುಕಾರರು ಫೋನು ಹಚ್ಚಿಸಿದ ಮೇಲೆ ಖಾದರ ರೋಣದಿಂದ ಮೋಟರ್ ಸೈಕಲ್ಲಿಗೆ ಚೀಲ ಕಟ್ಟಿಕೊಂಡು ಬಂದ. ಗುಡಿಯ ಮುಂದೆಯೇ ಗಾಡಿಯ ಹಿಂಗಾಲಿಗಳಿಗೆ ಕಲ್ಲು ಕೊಟ್ಟು, ಮುಂದೆ ಜಾಕು ಏರಿಸಿದ. ಹಳೆಯ ಪಿನ್ನು, ಉಬ್ಬಿದ ಟೋಪಿ, ತುಕ್ಕಿನ ಕ್ಲಿಪ್ಪು ಎಲ್ಲವನ್ನೂ ಬಿಚ್ಚಿ ನೆಲಕ್ಕೆ ಹಾಕಿದ. ಕ್ಲಿಪ್ಪು ಕೂಡುವ ಜಾಗದ ತುಕ್ಕನ್ನು ಕಬ್ಬಿಣ ಹೊಳೆಯುವವರೆಗೆ ಕೆರೆದ. ಹೊಸ ಕ್ಲಿಪ್ಪುಗಳನ್ನು ಟಕ್ ಎನ್ನುವಂತೆ ಕೂಡಿಸಿದ. ಪೊಟ್ಟಣದ ಗ್ರೀಸನ್ನು ಹೊಸ ಪಿನ್ನಿಗೆ ತೆಳ್ಳಗೆ, ಹಣೆಗೆ ವಿಭೂತಿ ಹಚ್ಚುವಷ್ಟೇ ಹಚ್ಚಿ, ಟೋಪಿ ಹಾಕಿ ಒಳಗೆ ತೂರಿಸಿದ. ಪರಶಪ್ಪ ಪಕ್ಕದಲ್ಲಿ ಕೂತು ಕೇಳಿದ್ದನ್ನು ಕೊಡುತ್ತಿದ್ದ. ಗ್ರೀಸಿನ ಬಗ್ಗೆ ಖಾದರ ಮಾತೆತ್ತಲಿಲ್ಲ.

ಬಲಗಾಲಿಯದು ಮುಗಿದ ಮೇಲೆ ಖಾದರ, "ಯಕ್ಕಾ, ಬಾ ಇಲ್ಲಿ. ನೂಕಿ ನೋಡು," ಎಂದು ಕರೆದ.

ಸಣ್ಣವ್ವ ಹೋಗಿ ಕುಕ್ಕರಗಾಲಿನಲ್ಲಿ ಕೂತು ಕ್ಯಾಲಿಪರಿಗೆ ಬೆರಳು ಹಚ್ಚಿದಳು. ಅಷ್ಟು ದೊಡ್ಡ ಕಬ್ಬಿಣ ಸದ್ದಿಲ್ಲದೆ ಒಳಗೆ ಜಾರಿತು, ಎಳೆದರೆ ಹೊರಗೆ ಜಾರಿತು. ಅವಳು ಎರಡು ಮೂರು ಸಲ ಹಾಗೆ ಮಾಡಿದಳು.

"ಇಷ್ಟ ಇತ್ತೇನು?" ಎಂದಳು.

"ಇಷ್ಟ ಯಕ್ಕಾ."

ಎಡಗಾಲಿಗೂ ಹೊಸದು ಹಾಕಿ ಮುಗಿಸಿದಾಗ ಬಿಸಿಲು ಇನ್ನೂ ಇತ್ತು. ಪರಶಪ್ಪ ಒಬ್ಬನೇ ಇಳಿಜಾರಿಗೆ ಹೋಗಿ ಬಂದ. "ನೆಟ್ಟಗ ನಿಂತಿತು," ಎಂದು ಖಾದರನಿಗೆ ಹೇಳಿದ. ನಮ್ಮ ಕಡೆ ನೋಡಲಿಲ್ಲ.

ಗುರುಪಾದರು ಅವನ ಕೀಲಿ ತೆಗೆದುಕೊಳ್ಳಲಿಲ್ಲ. ಕಾರು ಹತ್ತುವ ಮೊದಲು ಅವನನ್ನು ಕರೆದು ಹೇಳಿದ ಮಾತು ನಮಗೆಲ್ಲ ಕೇಳಿತು. "ದ್ಯಾಮೇಶನ ಮಾತು ಬಿಡು. ನಿನ್ನ ಹೆಂಡ್ತಿ ಮಾತ್ರ ಒಂದಿನಾನೂ ತಪ್ಪಬಾರದು ನೋಡು. ಆಕಿ ಇಲ್ದ ಈ ಗಾಡಿ ಏಳೂದಿಲ್ಲ ಅಂತ ಇವತ್ತ ತಿಳೀತು."

ಪರಶಪ್ಪ ತಲೆಯಾಡಿಸಿದ. ಸಣ್ಣವ್ವ ಕೌದಿ ಮಡಚುತ್ತಿದ್ದಳು.

ಮರುದಿನ ಬೆಳಿಗ್ಗೆ ಅವಳು ನಮಗಿಂತ ಮೊದಲೇ ಬಂದು ತನ್ನ ಮೂಲೆಯಲ್ಲಿ ಕೂತಿದ್ದಳು. ಕಾಲ ಬಳಿ ಬುತ್ತಿ ಇತ್ತು. ಗಂಡ ಹೆಂಡತಿ ಮಾತಾಡಿದಂತೆ ಕಾಣಲಿಲ್ಲ. ನಾವು ಹತ್ತಿದೆವು. ಹತ್ತುವಾಗ ಒಬ್ಬೊಬ್ಬರೂ ಅವಳ ಮುಖ ನೋಡಿಯೇ ಹತ್ತಿದೆವು, ಮೊದಲಿಗಿಂತ ಹೆಚ್ಚು ಹೊತ್ತು ನೋಡಿದೆವು.

ಇಳಿಜಾರಿನ ತಿರುವಿನಲ್ಲಿ ಪರಶಪ್ಪ ಬ್ರೇಕು ತುಳಿದ. ಗಾಡಿ ನೆಟ್ಟಗೆ ನಿಧಾನವಾಯಿತು. ಯಾರ ಮೈಯೂ ಬಲಕ್ಕೆ ಜಾರಲಿಲ್ಲ. ಸಣ್ಣವ್ವ ಸೂಜಿ ತೆಗೆದು, ಮೊನ್ನೆ ಸೊಟ್ಟಗಾಗಿದ್ದ ಸಾಲನ್ನು ಬಿಚ್ಚತೊಡಗಿದಳು. ಬೆಳಿಗ್ಗೆಯ ಗಾಳಿಗೆ ಬಿಚ್ಚಿದ ದಾರ ರಸ್ತೆಯ ಮೇಲೆ ಹಾರಿಹೋಯಿತು.

"ಸಣ್ಣಕ್ಕ, ನಾಳೆ ಬರ್ತಿಯಲ್ಲ?" ಎಂದಳು ಉಮಾ. ಚೇಷ್ಟೆಗೆ ಕೇಳಿದ್ದಲ್ಲ.

ಸಣ್ಣವ್ವ ಹಲ್ಲಿನಿಂದ ದಾರ ಕಡಿದಳು.

"ಇನ್ನ ಎಲ್ಲಿಗಿ ಹೋಗ್ಲಿ ನಾ?" ಎಂದಳು.